ಅರುಳಪ್ಪ ಮೇಸ್ತ್ರಿಯ ಪುಟ್ಟ ಚಾರ್ಜರ್

ಚಿನ್ನದ ಗಣಿ ಮುಚ್ಚಿ ಎಷ್ಟೋ ವರ್ಷ ಆಗಿದ್ದರೂ ಆ ಊರಿನವರು ಅರುಳಪ್ಪನವರನ್ನು ಮೇಸ್ತ್ರಿ ಎಂದೇ ಕರೆಯುತ್ತಿದ್ದರು.

ಅವರು ಗಣಿಯ ಲ್ಯಾಂಪ್ ರೂಮಿನ ಮೇಸ್ತ್ರಿ. ಕಾರ್ಮಿಕರು ತಲೆಗೆ ಕಟ್ಟಿಕೊಂಡು ಭೂಮಿಯೊಳಗೆ ಇಳಿಯುವ ದೀಪಗಳ ಬ್ಯಾಟರಿಗೆ ಮೂವತ್ತೊಂದು ವರ್ಷ ಚಾರ್ಜ್ ಕೊಟ್ಟವರು. ಈಗ ಮನೆ ಹಿಂದಿನ ತಗಡಿನ ಶೆಡ್ಡಿನಲ್ಲಿ ಕೂತು ಊರಿನ ಟಾರ್ಚು, ಯುಪಿಎಸ್ಸು, ಆಟದ ಕಾರುಗಳ ಬ್ಯಾಟರಿ ನೋಡುತ್ತಿದ್ದರು.

ಗುರು ಅಂದರೆ ಗಡ್ಡ, ಕಾವಿ, ಹೊಳೆ ದಂಡೆ ಎಂದುಕೊಂಡವರು ಬೇರೆ ಕಥೆ ಓದಿಕೊಳ್ಳಬಹುದು. ಈ ಗುರುವಿಗೆ ಇದ್ದದ್ದು ಆಸಿಡ್ ಬಿದ್ದು ತೂತಾದ ಒಂದು ಖಾಕಿ ಅಂಗಿ.

ಒಂದು ಸಂಜೆ ಮುನಿಕೃಷ್ಣ ಬಂದ. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಕೆಲಸ ಅವನದು. ದಿನವೆಲ್ಲ ಜನರಿಗೆ ಉಸಿರು ಹಿಡಿದುಕೊಳ್ಳಿ, ಬಿಡಿ ಎಂದು ಹೇಳುವವನು. ಅವನ ಕಂಕುಳಲ್ಲಿ ರಿಮೋಟಿನಿಂದ ಓಡುವ ಕಾರು. ದಪ್ಪ ಚಕ್ರ, ಮೂತಿಗೆ ಅಂಗಿ ಗುಂಡಿಯಷ್ಟು ಕ್ಯಾಮರಾ.

"ಮೇಸ್ತ್ರೀ, ಇದಕ್ಕೊಂದು ಚಾರ್ಜರ್ ಬೇಕು. ನನಗೆ ಇದೆಲ್ಲ ಹೊಸದು. ಬೇಗ ಚಾರ್ಜ್ ಮಾಡೋದು ಯಾವುದು ಹೇಳಿ."

"ಈ ವಯಸ್ಸಲ್ಲಿ ಆಟದ ಕಾರಾ?"

"ನನಗಲ್ಲ. ಅಪ್ಪನಿಗೆ."

ಮೇಸ್ತ್ರಿ ಕನ್ನಡಕ ಹಣೆಗೇರಿಸಿದರು. ಮುನಿಕೃಷ್ಣನ ಅಪ್ಪ ಪಿಳ್ಳಪ್ಪ, ಗಣಿಯಲ್ಲಿ ಬಂಡೆ ಕೊರೆಯುತ್ತಿದ್ದವನು. ಕೊರೆದ ಬಂಡೆಯ ಧೂಳೆಲ್ಲ ಅವನ ಎದೆಯಲ್ಲೇ ಉಳಿದಿತ್ತು. ಈಗ ಜಗಲಿಯಿಂದ ಬೀದಿಗೆ ಇಳಿಯುವಷ್ಟು ಉಸಿರೂ ಇರಲಿಲ್ಲ.

"ಜಗಲೀಲಿ ಕೂತ್ಕೊಂಡೇ ಕಾರನ್ನ ಗಣಿಯೋರು ಸುರಿದ ಮರಳುಗುಡ್ಡ ಹತ್ತಿಸ್ತಾನೆ ಮೇಸ್ತ್ರೀ. ಗಣಿ ಗೇಟಿನ ತನಕ ಹೋಗುತ್ತೆ. ಅದು ನೋಡಿದ್ದೆಲ್ಲ ಮೊಬೈಲಿಗೆ ಬರುತ್ತೆ. ಮೊನ್ನೆ ನಿಮ್ಮ ಲ್ಯಾಂಪ್ ರೂಮಿನ ಬಾಗಿಲು ಕಾಣಿಸ್ತು. ಅಪ್ಪ ಕೂತಲ್ಲೇ ಕುಣಿದಾಡಿಬಿಟ್ಟ."

"ಬೀಗ ಹಾಕೈತಾ?"

"ಹಾಕಿದೆ. ತುಕ್ಕು ಹಿಡಿದಿದೆ."

ಮೇಸ್ತ್ರಿ ಕಾರಿನ ಚಕ್ರವನ್ನು ಬೆರಳಿನಿಂದ ಒಮ್ಮೆ ತಿರುಗಿಸಿದರು. ಮೂವತ್ತೊಂದು ವರ್ಷ ದಿನಾ ಅವರೇ ತೆಗೆದು, ಅವರೇ ಹಾಕಿದ ಬೀಗ ಅದು.

"ಆದ್ರೆ ಹದಿನೈದು ನಿಮಿಷ ಓಡುತ್ತೆ, ಆಮೇಲೆ ಖಾಲಿ," ಅಂದ ಮುನಿಕೃಷ್ಣ. "ಕಾರಿನ ಜೊತೆ ಬಂದ ಚಾರ್ಜರ್ ಸುಟ್ಟು ಹೋಯ್ತು. ಅದೂ ಅರ್ಧ ದಿನ ತಗೋತಿತ್ತು. ಅಪ್ಪ ರಿಮೋಟು ಹಿಡ್ಕೊಂಡು ಕಾಯ್ತಾ ಕೂತಿರೋದನ್ನ ನೋಡೋಕಾಗಲ್ಲ."

"ಎದೆ ಹೆಂಗೈತೆ ಈಗ?"

"ಫಿಲಂ ತೆಗೆದವನು ನಾನೇ ಅಲ್ವಾ ಮೇಸ್ತ್ರೀ."



"ಅದಕ್ಕೇ ನಿಂಗೆ ಅವಸರ."

"ಹೌದು. ಇನ್ನೆಷ್ಟು ದಿನವೋ. ಇರೋ ತನಕ ಮನಸಾರೆ ಓಡಿಸ್ಲಿ."

"ಬೇಗ ಆಗ್ಲಿ ಅಂತ ಪಿಳ್ಳಪ್ಪ ಕೇಳಿದ್ನಾ?"

"ಕೇಳಿಲ್ಲ. ಅದನ್ನೂ ಬಾಯಿಬಿಟ್ಟು ಕೇಳಬೇಕಾ?"

ಮೇಸ್ತ್ರಿ ಕಾರಿನ ಹೊಟ್ಟೆ ಬಿಚ್ಚಿ ಬ್ಯಾಟರಿ ಹೊರಗೆ ತೆಗೆದರು.

"ಚಾರ್ಜರ್ ಆರಿಸೋಕೆ ಮುಂಚೆ ಬ್ಯಾಟರಿ ಓದು. ಏನು ಬರೆದೈತೆ?"

"ಲಿಪೋ. ಎರಡು ಸೆಲ್ಲು. ಎರಡು ಸಾವಿರದ ಇನ್ನೂರು ಮಿಲಿಆಂಪಿಯರ್."

"ಅಂದ್ರೆ ಎರಡು ಆಂಪಿಯರ್, ಒಂಚೂರು ಮೇಲೆ. ಅದರ ಹೊಟ್ಟೆ ಅಷ್ಟು. ಅಷ್ಟೇ ಕರೆಂಟು ಕೊಟ್ರೆ ಒಂದು ಗಂಟೆ ಮೇಲೆ ಹಿಡಿಯುತ್ತೆ. ಜಾಸ್ತಿ ಕೊಟ್ರೆ ಬೇಗ ತುಂಬುತ್ತೆ, ಬೇಗ ಸಾಯುತ್ತೆ."

"ಈ ಇನ್ನೊಂದು ಬಿಳಿ ವೈರು ಯಾಕೆ?"

"ಒಳಗೆ ಇಬ್ರು ಅವ್ರೆ. ಇಬ್ಬರಿಗೂ ಒಂದೇ ತಟ್ಟೇಲಿ ಬಡಿಸಿದ್ರೆ ಒಬ್ಬ ಜಾಸ್ತಿ ತಿಂತಾನೆ, ಒಬ್ಬ ಉಪವಾಸ ಬೀಳ್ತಾನೆ. ಆ ವೈರು ಹಾಕಿದ್ರೆ ಚಾರ್ಜರ್ ಇಬ್ಬರನ್ನೂ ಬೇರೆ ಬೇರೆ ನೋಡ್ಕೊಳುತ್ತೆ. ಆ ವೈರಿಗೆ ಜಾಗ ಇಲ್ದಿರೋ ಚಾರ್ಜರ್ ಪುಕ್ಕಟೆ ಕೊಟ್ರೂ ತಗೋಬೇಡ."

ಶೆಲ್ಫಿನಿಂದ ಒಂದು ಚಾರ್ಜರ್ ಇಳಿಸಿ ಕೊಟ್ಟರು. ಬೆಂಕಿಪೊಟ್ಟಣ ನಾಲ್ಕು ಜೋಡಿಸಿದರೆ ಎಷ್ಟೋ ಅಷ್ಟು ದೊಡ್ಡದು.

ಮುನಿಕೃಷ್ಣನ ಮುಖ ಸಪ್ಪಗಾಯಿತು. "ಇಷ್ಟು ಚಿಕ್ಕದಾ?"

"ಕೆಲಸ ಕಲಿಯೋನಿಗೆ ಇದು ಸಾಕು. ಯಾವ ಬ್ಯಾಟರಿ ಅಂತ ಅದೇ ಕೇಳುತ್ತೆ. ಸರಿಯಾಗಿ ಉತ್ತರ ಕೊಟ್ರೆ ಆಯ್ತು."

"ಇಷ್ಟೇನಾ?"

"ಇನ್ನೊಂದೈತೆ. ಚಾರ್ಜಿಗೆ ಹಾಕಿದೋನು ಅಲ್ಲೇ ಇರಬೇಕು. ತುಂಬೋ ತನಕ ಎದ್ದು ಹೋಗಬಾರದು."

"ಒಂದು ಗಂಟೆ ಸುಮ್ನೆ ಕೂತಿರೋದಾ?"

"ಸುಮ್ನೆ ಯಾಕೆ ಕೂತಿರ್ತೀಯ?" ಅಂದರು ಮೇಸ್ತ್ರಿ.

ಮುನಿಕೃಷ್ಣ ಬೇಡವೆಂದು ತಲೆಯಾಡಿಸಿ ಪುಟ್ಟ ಚಾರ್ಜರನ್ನು ಮೇಜಿನ ಮೇಲೇ ಬಿಟ್ಟು ಹೋದ. ಮುಂದಿನ ಭಾನುವಾರ ರೈಲು ಹತ್ತಿ ದೊಡ್ಡ ಅಂಗಡಿಗೆ ಹೋಗಿ ದೊಡ್ಡ ಚಾರ್ಜರನ್ನೇ ತಂದ. ಅದಕ್ಕೆ ಫ್ಯಾನ್ ಇತ್ತು, ಬಣ್ಣದ ಪರದೆ ಇತ್ತು, ಹತ್ತು ಆಂಪಿಯರ್ ತನಕ ಏರುವ ಗುಂಡಿ ಇತ್ತು. ಅವನನ್ನು ಬೈದು ಪ್ರಯೋಜನವಿಲ್ಲ. ಅಪ್ಪನ ಮೇಲಿನ ಪ್ರೀತಿಗೆ ಅವನು ಹತ್ತು ಆಂಪಿಯರ್ ಇಟ್ಟ, ಅಷ್ಟೇ.

ಮೂರು ದಿನ ಚೆನ್ನಾಗಿಯೇ ನಡೆಯಿತು. ಬ್ಯಾಟರಿ ಹಾಕುತ್ತಿದ್ದ, ಹೊರಗೆ ಹೋಗುತ್ತಿದ್ದ, ಬರುವಷ್ಟರಲ್ಲಿ ತುಂಬಿರುತ್ತಿತ್ತು.

ನಾಲ್ಕನೆಯ ದಿನ ಅಪ್ಪನಿಗೆ ಬನ್ನು ತರಲೆಂದು ಬೇಕರಿಗೆ ಹೋದ. ಯಾರೋ ಸಿಕ್ಕರು, ಮಾತು ಬೆಳೆಯಿತು. ಮನೆಗೆ ಬಂದಾಗ ಬಾಗಿಲಿನಿಂದ ಹೊಗೆ ಬರುತ್ತಿತ್ತು.

ಪಿಳ್ಳಪ್ಪ ನೆಲದ ಮೇಲೆ ಬಿದ್ದಿದ್ದ. ತುಟಿ ನೀಲಿ. ಬ್ಯಾಟರಿ ಉಬ್ಬಿ ಹೊತ್ತಿಕೊಂಡಿದ್ದನ್ನು ಕಂಡು, ಕುರ್ಚಿಯಿಂದ ಇಳಿದು ತೆವಳಿಕೊಂಡು ಹೋಗಿ, ಊರುಗೋಲಿನಿಂದ ಪ್ಲಗ್ಗು ಎಳೆದು, ಗಣಿಯ ಅಭ್ಯಾಸದಿಂದ ಮೂಲೆಯಲ್ಲಿ ಇಟ್ಟುಕೊಂಡಿದ್ದ ಮರಳಿನ ಡಬ್ಬವನ್ನು ಅದರ ಮೇಲೆ ಸುರಿದಿದ್ದ. ಆಮೇಲೆ ಏಳಲು ಆಗಿರಲಿಲ್ಲ.

ಒಂದು ವಾರ ಆಸ್ಪತ್ರೆಯಲ್ಲಿ ಆಕ್ಸಿಜನ್ ಹಾಕಿದ್ದರು. ಉಳಿದ.

ಅಪ್ಪನನ್ನು ಮನೆಗೆ ಕರೆತಂದ ಸಂಜೆ ಮುನಿಕೃಷ್ಣ ಶೆಡ್ಡಿಗೆ ಬಂದು ಒಳಗೆ ಕಾಲಿಡದೆ ನಿಂತ.

"ಬೈಯಿರಿ ಮೇಸ್ತ್ರೀ."

"ಮರಳು ಹಾಕಿದ್ದು ಪಿಳ್ಳಪ್ಪನೇನಾ?"

"ಹೌದು."

"ಗಣಿಯೋನು. ಹೊಗೆ ಕಂಡ್ರೆ ಕೈ ತಾನೇ ಹೋಗುತ್ತೆ. ಒಳಗೆ ಬಾ."

ಗೋಡೆಗೆ ಒಂದು ಉದ್ದನೆಯ ಹಲಗೆ ಬಡಿದಿತ್ತು. ಅದರ ತುಂಬ ಮೊಳೆ. ಮೊಳೆಗಳಲ್ಲಿ ಹಿತ್ತಾಳೆ ಬಿಲ್ಲೆಗಳು, ಒಂದೊಂದಕ್ಕೂ ಒಂದು ನಂಬರು. ಗಣಿ ಮುಚ್ಚಿದಾಗ ಯಂತ್ರ ಕೊಂಡೊಯ್ದರು, ಕಾಗದ ಕೊಂಡೊಯ್ದರು. ಕೊನೆಯ ದಿನ ಕಾರ್ಮಿಕರು ಒಪ್ಪಿಸಿಹೋದ ಈ ಬಿಲ್ಲೆಗಳು ಯಾರಿಗೂ ಬೇಕಾಗಿರಲಿಲ್ಲ. ಮೇಸ್ತ್ರಿ ಸೈಕಲ್ಲಿನಲ್ಲಿ ಹೊತ್ತು ತಂದಿದ್ದರು.

"ಇವು ಯಾಕೆ ಅಂತ ಗೊತ್ತಾ?"

"ಇಲ್ಲ."

"ಒಬ್ಬೊಬ್ಬನಿಗೂ ಒಂದು ಬಿಲ್ಲೆ. ಅದನ್ನ ನಂಗೆ ಕೊಟ್ಟು ಲ್ಯಾಂಪು ತಗೊಂಡು ಕೆಳಗಿಳಿಯೋರು. ಮೇಲೆ ಬಂದು ಲ್ಯಾಂಪು ಕೊಟ್ಟು ಬಿಲ್ಲೆ ತಗೊಳೋರು. ಮೊಳೇಲಿ ಬಿಲ್ಲೆ ಉಳೀತು ಅಂದ್ರೆ ಆ ಮನುಷ್ಯ ಇನ್ನೂ ಕೆಳಗವ್ನೆ ಅಂತ. ಒಂದು ಬಿಲ್ಲೆ ಉಳಿದ್ರೂ ನಾನು ಮನೆಗೆ ಹೋಗ್ತಿರಲಿಲ್ಲ."

ಅವರ ಕೈ ಸರಸರನೆ ಹೋಗಿ ಒಂದು ಬಿಲ್ಲೆ ತೆಗೆಯಿತು. ಹುಡುಕಲಿಲ್ಲ. ನಾನೂರ ಹದಿನೇಳು.

"ನಿಮ್ಮಪ್ಪಂದು."

ಮುನಿಕೃಷ್ಣನ ಅಂಗೈಯಲ್ಲಿ ಅದನ್ನಿಟ್ಟು, ಮೇಲೆ ಆ ಪುಟ್ಟ ಚಾರ್ಜರನ್ನೂ ಒಂದು ಹೊಸ ಬ್ಯಾಟರಿಯನ್ನೂ ಇಟ್ಟರು.

"ಚಾರ್ಜಿಗೆ ಹಾಕಿದಾಗ ಬಿಲ್ಲೆ ನಿನ್ನ ಕೈಯಲ್ಲಿರಲಿ. ತುಂಬಿದ ಮೇಲೆ ನಿಮ್ಮನೆ ಗೋಡೇಲಿ ಒಂದು ಮೊಳೆ ಹೊಡೆದು ಅದಕ್ಕೆ ಹಾಕು. ಬಿಲ್ಲೆ ಕೈಯಲ್ಲಿರೋ ತನಕ ಹೊಸಿಲು ದಾಟಬೇಡ."

ಮುನಿಕೃಷ್ಣ ಹಾಗೇ ಮಾಡಿದ. ಮೊದಲ ಸಂಜೆ ಬಹಳ ಕಷ್ಟವಾಯಿತು. ಜಗಲಿಯ ಮೇಲೆ ಹೆಂಚಿನ ಚೂರು, ಅದರ ಮೇಲೆ ಬ್ಯಾಟರಿ, ಪಕ್ಕದಲ್ಲಿ ಮರಳಿನ ಡಬ್ಬ, ಆಚೆ ಅಪ್ಪ, ಈಚೆ ಮಗ. ಚಾರ್ಜರಿನ ಹಸಿರು ಅಂಕಿ ಆಮೆಯ ಹಾಗೆ ಏರುತ್ತಿತ್ತು. ಇಬ್ಬರಿಗೂ ಏನು ಮಾತಾಡಬೇಕೆಂದು ತಿಳಿಯಲಿಲ್ಲ. ಒಂದೇ ಮನೆಯಲ್ಲಿ ಇಷ್ಟು ವರ್ಷ ಇದ್ದವರು ನೋಡಿ.

ಕೊನೆಗೆ ಪಿಳ್ಳಪ್ಪನೇ ಕೇಳಿದ. "ಕೈಯಲ್ಲಿ ಅದೇನೋ?"

ಮಗ ಮುಷ್ಟಿ ಬಿಡಿಸಿದ.

ಪಿಳ್ಳಪ್ಪ ಬಿಲ್ಲೆಯನ್ನು ಎತ್ತಿಕೊಂಡು ಅಂಗಿಗೆ ಉಜ್ಜಿದ. ಮತ್ತೆ ಉಜ್ಜಿದ. ನಗುತ್ತಿದ್ದಾನೋ ಅಳುತ್ತಿದ್ದಾನೋ ಗೊತ್ತಾಗಲಿಲ್ಲ. ಎರಡೂ ಇತ್ತು.

ಆಮೇಲೆ ಮಾತು ಶುರುವಾಯಿತು.

ಆ ಸಂಜೆ ಮುದ್ದೆಯ ಚೂರು ತಿನ್ನಲು ಬರುತ್ತಿದ್ದ ಗಣಿಯ ಇಲಿಯ ಕಥೆ. ಇಲಿ ಓಡಿದರೆ ಮನುಷ್ಯರೂ ಓಡಬೇಕು, ಬಂಡೆ ಬೀಳುತ್ತದೆ. ಮರುದಿನ ಗಣಿಯ ಸೈರನ್ನಿನ ಕಥೆ. ಅದು ಕೂಗಿದರೆ ಊರೆಲ್ಲ ಗಡಿಯಾರ ಸರಿಮಾಡಿಕೊಳ್ಳುತ್ತಿತ್ತು, ಹೆಂಗಸರು ಅನ್ನಕ್ಕೆ ಇಡುತ್ತಿದ್ದರು. ಪಿಳ್ಳಪ್ಪ ನಾಲ್ಕು ಮಾತಾಡಿ ಉಸಿರು ತೆಗೆದುಕೊಳ್ಳುತ್ತಿದ್ದ. ಮಗ ಕಾಯುತ್ತಿದ್ದ. ಹೇಗೂ ಒಂದು ಗಂಟೆ ಇತ್ತಲ್ಲ.

ಒಂದು ಸಂಜೆ ಪಿಳ್ಳಪ್ಪ ಹೇಳಿದ.

"ನೀನು ಹುಟ್ಟಿದ ದಿನ ಸುದ್ದಿ ಕೆಳಕ್ಕೇ ಬಂತು. ಗಂಡು ಮಗು ಅಂತ. ಶಿಫ್ಟು ಮುಗಿಯೋದೇ ತಡ, ಮೇಲೆ ಬಂದೋನು ಒಂದೇ ಓಟ. ಲ್ಯಾಂಪು ಕೊಡೋದು ಮರೆತೆ. ಅರುಳಪ್ಪ ನೋಡ್ತಾನೆ, ನನ್ನ ಬಿಲ್ಲೆ ಮೊಳೇಲೇ ಐತೆ. ಪಿಳ್ಳಪ್ಪ ಕೆಳಗೇ ಸಿಕ್ಕೊಂಡ ಅಂತ ಎದೆ ಬಡ್ಕೊಂಡು ಎಲ್ಲ ಕಡೆ ಹುಡುಕಿ ಮನೆಗೆ ಬಂದ್ರೆ, ನಾನು ಇಲ್ಲೇ ತಲೆ ಮೇಲೆ ಲ್ಯಾಂಪು ಹಚ್ಕೊಂಡು ನಿನ್ನ ಮುಖ ನೋಡ್ತಾ ಕೂತಿದೀನಿ."

"ಬೈದ್ರಾ ಮೇಸ್ತ್ರಿ?"

"ಬೈಲಿಲ್ಲ. ಪಕ್ಕದಲ್ಲಿ ಕೂತ. ಲ್ಯಾಂಪಿನ ಬ್ಯಾಟರಿ ಮುಗಿಯೋ ತನಕ ಇಬ್ರೂ ನಿನ್ನೇ ನೋಡ್ತಾ ಇದ್ವಿ."

ಮುನಿಕೃಷ್ಣ ಬೇರೆ ಕಡೆ ಮುಖ ತಿರುಗಿಸಿಕೊಂಡ. ಚಾರ್ಜರ್ ಬೀಪ್ ಅಂದು ಎಷ್ಟೋ ಹೊತ್ತಾಗಿತ್ತು. ಯಾರೂ ಕೇಳಿಸಿಕೊಂಡಿರಲಿಲ್ಲ.

ಕಾರ್ತಿಕ ಮಾಸ ಮುಗಿದು ಚಳಿ ಹಿಡಿಯಿತು. ಮುನಿಕೃಷ್ಣ ಮತ್ತೆ ಶೆಡ್ಡಿಗೆ ಬಂದ. ಕಾರು, ಬ್ಯಾಟರಿ, ಚಾರ್ಜರ್ ಎಲ್ಲವನ್ನೂ ಹೊತ್ತು ತಂದಿದ್ದ.

"ಮೇಸ್ತ್ರೀ, ಬ್ಯಾಟರಿ ಕೆಟ್ಟಿದೆ ಅಂತ ಕಾಣುತ್ತೆ. ರಾತ್ರಿ ತುಂಬಿಸಿಟ್ಟಿದ್ದು ಮಾರನೇ ದಿನ ನಾನು ಕೆಲಸದಿಂದ ಬರೋಷ್ಟರಲ್ಲಿ ಖಾಲಿ. ದಿನಾ ಹಿಂಗೇ."

"ಪಿಳ್ಳಪ್ಪ ಏನಂತಾನೆ?"

"ನಾನು ಚಪ್ಪಲಿ ಬಿಡೋಕೆ ಮುಂಚೆನೇ ಕೇಳ್ತಾನೆ, ಚಾರ್ಜಿಗೆ ಹಾಕ್ತೀಯಾ ಅಂತ."

ಮೇಸ್ತ್ರಿ ಮೀಟರ್ ಹಿಡಿದು ಬ್ಯಾಟರಿ ನೋಡಿದರು. ಆಮೇಲೆ ಕಾರನ್ನು ಮಗುಚಿ ಚಕ್ರದ ಹಲ್ಲುಗಳಲ್ಲಿ ಬೆರಳಾಡಿಸಿದರು.

"ಒಂದು ಕಾಳು ಮರಳೂ ಇಲ್ವಲ್ಲ."

"ಅದೇ ಮೇಸ್ತ್ರೀ. ಗುಡ್ಡದ ಕಡೆ ಕಳಿಸೇ ಒಂದು ತಿಂಗಳಾಯ್ತು. ಮೊಬೈಲ್ ನೋಡಿದ್ರೆ ಕಣ್ಣುರಿ ಅಂತಾನೆ."

"ಮತ್ತೆ ಕರೆಂಟು ಎಲ್ಲೋಯ್ತು?"

ಮುನಿಕೃಷ್ಣ ತಲೆ ಕೆರೆದುಕೊಂಡ.

"ಪಕ್ಕದ ಮನೆ ಜಸಿಂತಕ್ಕ ಏನೋ ಹೇಳಿದ್ರು, ನಾನು ನಂಬಿರಲಿಲ್ಲ. ನಾನು ಬರೋಕೆ ಅರ್ಧ ಗಂಟೆ ಮುಂಚೆ ಅಪ್ಪ ಕಾರನ್ನ ಮಗುಚಿ ತೊಡೆ ಮೇಲೆ ಇಟ್ಕೊಂಡು, ಚಕ್ರಗಳನ್ನ ಗಾಳೀಲೇ ತಿರುಗಿಸ್ತಾನಂತೆ. ಅವು ನಿಲ್ಲೋ ತನಕ. ಆಮೇಲೆ ಬಟ್ಟೆ ತಗೊಂಡು ಒರೆಸಿ ಏನೂ ಆಗದೋನ ಹಾಗೆ ಕೂತಿರ್ತಾನಂತೆ."

ಮೇಸ್ತ್ರಿ ಹಲಗೆಯ ಮೇಲಿನ ಬಿಲ್ಲೆಗಳ ಕಡೆ ತಿರುಗಿದರು. ಮೇಲಿನ ಸಾಲಿನಲ್ಲಿ ಒಂದು ಮೊಳೆ ಬರಿದಾಗಿತ್ತು.

"ಸುಮ್ಮಸುಮ್ಮನೆ ಖಾಲಿ ಮಾಡಿ ತುಂಬಿಸ್ತಾ ಇದ್ರೆ ಹೆಂಗೆ ಮೇಸ್ತ್ರೀ? ಬ್ಯಾಟರಿಗೂ ಇಷ್ಟೇ ಸಲ ಅಂತ ಆಯಸ್ಸು ಇರುತ್ತಲ್ವಾ? ಅಪ್ಪನಿಗೆ ಬೇಡ ಅನ್ನಲಾ? ಏನು ಮಾಡ್ಲಿ, ನೀವೇ ಹೇಳಿ."

ಮೇಸ್ತ್ರಿ ಕನ್ನಡಕ ತೆಗೆದು ಖಾಕಿ ಅಂಗಿಯ ಅಂಚಿನಲ್ಲಿ ಒರೆಸಿದರು. ಬಹಳ ಹೊತ್ತು ಒರೆಸಿದರು.

"ಈಗ ಎಷ್ಟು ಕರೆಂಟಿಗೆ ಇಟ್ಟಿದೀಯ?"

"ನೀವು ಹೇಳಿದಷ್ಟೇ. ಎರಡು ಆಂಪಿಯರ್. ಒಂದು ಗಂಟೆ ಮೇಲೆ ಹಿಡಿಯುತ್ತೆ."

ಮೇಸ್ತ್ರಿ ಪುಟ್ಟ ಚಾರ್ಜರನ್ನು ಅವನ ಕೈಗೆ ವಾಪಸ್ ಕೊಟ್ಟರು.

"ಬ್ಯಾಟರಿ ಚೆನ್ನಾಗೇ ಐತೆ ಕಣಪ್ಪ. ಇವತ್ತಿಂದ ಒಂದು ಆಂಪಿಯರಿಗೆ ಇಳಿಸು. ಎರಡು ಗಂಟೆ ಹಿಡೀಲಿ."