ಮಾಳವ್ವನ ಬೀಗದಕೈ

ಹೊನ್ನಕುಂಟೆಯ ಅರಸ ಡಂಗುರ ಹೊಡೆಸಿದ. ನಾಡು ಮೊದಲು ಬೆಳೆಯಬೇಕು, ಹಂಚಿಕೆ ಆಮೇಲೆ. ಇಂದಿನಿಂದ ಗಂಜಿಮನೆಯ ರಾಗಿಯೂ ದೊಡ್ಡ ಕಣಜಕ್ಕೆ. ಅರಸನ ಮೂರು ಒಗಟು ಬಿಡಿಸಿದವರಿಗೆ ಆ ಕಣಜದ ಬೀಗದಕೈ, ತಪ್ಪಿದವರಿಗೆ ತಲೆದಂಡ.

ಗಂಜಿಮನೆಯಲ್ಲಿ ಸೌಟು ಹಿಡಿಯುತ್ತಿದ್ದವಳು ಮಾಳವ್ವ, ಇನ್ನೂ ಮದುವೆಯಾಗದ ಹುಡುಗಿ. ಗಂಜಿ ಸಾಲದೆ ಬಂದ ದಿನ ಅಲ್ಲಿ ಸಾಲಿನ ಬಾಲದಿಂದ ಬಡಿಸುವ ವಾಡಿಕೆ. ಹಿಂದೆ ಉಳಿಯುವವರು ಇನ್ಯಾರು, ಕುಂಟರು, ಮುದುಕರು, ತುಂಬಿದ ಬಸುರಿಯರು. ಮಾಳವ್ವನ ಕುರುಡು ತಾಯಿ ಈರವ್ವನೂ ಬಟ್ಟಲು ಹಿಡಿದು ಅಲ್ಲೇ ನಿಲ್ಲುತ್ತಿದ್ದಳು. ಡಂಗುರವಾದ ಮೇಲೆ ಮೂರು ದಿನದಿಂದ ಒಲೆ ತಣ್ಣಗಿತ್ತು. ಬೀಗದಕೈ ಸಿಕ್ಕರೆ ಒಲೆ ಹೊತ್ತೀತು ಅಂದುಕೊಂಡು ಮಾಳವ್ವ ಅರಮನೆಗೆ ನಡೆದಳು.

ಅವಳಿಗಿಂತ ಮುಂಚೆ ಇಬ್ಬರು ಬಂದಿದ್ದರು. "ತಿಂದಷ್ಟೂ ಹಸಿವು, ಹಸಿದಷ್ಟೂ ಎತ್ತರ. ಅದೇನು?" ಅಂತ ಅರಸ ಕೇಳಿದ. ರೇಷ್ಮೆ ವ್ಯಾಪಾರಿಯ ಮಗ ಬೆಂಕಿ ಅಂದ, ಅವನನ್ನು ಎಳೆದೊಯ್ದರು. ಪಂಡಿತನೊಬ್ಬ ಸಮುದ್ರ ಅಂತ ಹೇಳಿ ಮೇಲೆ ಎರಡು ಶ್ಲೋಕವನ್ನೂ ಹೇಳಿದ. ಶ್ಲೋಕ ಮುಗಿಯುವ ತನಕ ಕಾದು ಅವನನ್ನೂ ಎಳೆದೊಯ್ದರು.

"ಸೌಟು ಹಿಡಿಯೋಳಿಗೆ ಯಾಕವ್ವ ಈ ಉಸಾಬರಿ?" ಅಂತ ಮಂತ್ರಿ ನಕ್ಕ.

ಮಾಳವ್ವ ಅರಸನ ಕಡೆ ತಿರುಗಿದಳು. "ನಿಮ್ಮ ಕಣಜವೇ, ಒಡೆಯಾ," ಅಂದಳು. "ಸುಗ್ಗಿ ಸುಗ್ಗಿಗೂ ಸುರೀತೀರಿ. ಇನ್ನೇನು ತುಂಬ್ತು ಅನ್ನೋ ಹೊತ್ತಿಗೆ ಗೋಡೆ ಏರಿಸ್ತೀರಿ."

ಅರಸನಿಗೆ ಹಿಗ್ಗು. ಸಾವಿರ ಬಾಯಿಗೆ ಉಣಿಸಿ ತಾನು ಒಂದು ತೊಟ್ಟೂ ನುಂಗದ್ದು ಯಾವುದು ಅಂತ ಎರಡನೆಯದು ಕೇಳಿದ. ಅದು ತನ್ನ ಸೌಟು, ಈಗ ಒಣಗಿ ಗೋಡೆಗೆ ನೇತಾಡುತ್ತಿದೆ ಅಂದಳು.

"ಸರಿ. ಕಣಜ ತುಂಬಿತು ಅಂತ ತಿಳಿಯೋದು ಯಾವಾಗ?"

ಮಾಳವ್ವನ ಕಣ್ಣಿಗೆ ಅವ್ವನ ಬಟ್ಟಲು ಕಟ್ಟಿತು. "ಸಾಲಿನ ಕೊನೆಯವರು ಉಂಡಾಗ."

ಅರಸ ಸಿಂಹಾಸನ ಇಳಿದು ಬಂದ. ಇಂಥ ಮಾತು ಯಾರೂ ಆಡಿರಲಿಲ್ಲ ಅಂತ ಕಣ್ಣು ಒರೆಸಿಕೊಂಡ. ಪಟ್ಟೆ ಸೀರೆ ಉಡಿಸಿ, ಮೊಳದುದ್ದದ ಬೀಗದಕೈ ಅವಳ ಸೊಂಟಕ್ಕೆ ಸಿಕ್ಕಿಸಿದ. ಅವಳ ಮಾತನ್ನು ಕಣಜದ ಬಾಗಿಲ ಮೇಲೆ ಕೆತ್ತಿಸಿದ. ಓದು ಬಾರದ ಮಾಳವ್ವನಿಗೆ ಮಂತ್ರಿಯೇ ಓದಿ ಹೇಳಿದ: ಕಣಜ ತುಂಬಿದಾಗ ಸಾಲಿನ ಕೊನೆಯವರು ಉಣ್ಣುವರು.

"ನಾನು ಹೇಳಿದ್ದು ಹಿಂಗಲ್ಲ, ಒಡೆಯಾ."

"ನಿನ್ನವೇ ಮಾತಲ್ಲವೇನಮ್ಮ?" ಅಂದ ಅರಸ, ಬಲು ಅಕ್ಕರೆಯಿಂದ. ತುಂಬುವ ಮೊದಲು ಬಾಗಿಲು ತೆಗೆದರೆ ತಲೆದಂಡ ಅಂತಲೂ ಸೇರಿಸಿದ.

ಗಂಜಿಮನೆಯ ಸಾಲು ಕಣಜದ ಮುಂದೆ ಬಂದು ಕೂತಿತು. ಈರವ್ವ ತಡವರಿಸುತ್ತ ಬಂದು ಮಗಳ ಸೀರೆ ಮುಟ್ಟಿ ನೋಡಿದಳು, ಬೀಗದಕೈ ಮುಟ್ಟಿ ನೋಡಿದಳು.

"ತುಂಬ್ತೇನೇ ಮಗಳೇ?"

ಮಾಳವ್ವ ತಲೆ ಎತ್ತಿದಳು. ಮೇಲೆ ಗಾರೆಯವರು ಹಸಿ ಗಾರೆ ಬಳಿದು ವರಸೆ ವರಸೆಯಾಗಿ ಇಟ್ಟಿಗೆ ಜೋಡಿಸುತ್ತಿದ್ದರು.

"ಇನ್ನೊಂದು ವರಸೆ ಅಷ್ಟೇ, ಅವ್ವಾ," ಅಂದಳು. ಅವ್ವನ ಖಾಲಿ ಬಟ್ಟಲು ಇಸಕೊಂಡು ಪಟ್ಟೆ ಸೆರಗಿನಿಂದ ಒರೆಸುತ್ತ ಕೂತಳು.