ಡಾಂಬರು ಬಳಿದ ಗಡಿಗೆ

ಅಲ್ಲೊಂದು ಹೊಳೆ ಇತ್ತು ಅನ್ನುವುದಕ್ಕೆ ಈಗ ಮರಳೇ ಸಾಕ್ಷಿ. ಆ ದಂಡೆಯ ಮೇಲೆ ಒಂದು ಮಠ. ಮಠ ಅಂದರೆ ಭಾರಿ ಏನಲ್ಲ, ಎರಡು ಕೋಣೆ, ಒಂದು ಕಟ್ಟೆ. ಗುರು ಚನ್ನವೀರಜ್ಜ, ಶಿಷ್ಯ ಹುಲಿಗೆಪ್ಪ.

ಹುಲಿಗೆಪ್ಪ ಅಂಬಿಗರವನು. ಅಪ್ಪನ ಹಾಗೆಯೇ ಹರಿಗೋಲು ನಡೆಸಿ ಜನರನ್ನು ಆಚೆ ದಡ ಮುಟ್ಟಿಸುತ್ತಿದ್ದವನು. ವರ್ಷದಿಂದ ವರ್ಷಕ್ಕೆ ಬಿಸಿಲು ಏರಿತು, ಹೊಳೆ ಇಳಿಯಿತು, ಜನ ನಡೆದೇ ದಾಟತೊಡಗಿದರು. ಹರಿಗೋಲು ಮಠದ ಹಿಂದೆ ಬೋರಲು ಬಿತ್ತು. ಅವನು ಬಂದು ಅಜ್ಜನ ಕಾಲಿಗೆ ಬಿದ್ದ.

ಮಠದ ಮುಂದೆ ಒಂದು ನೇರಳೆ ಮರ ಇತ್ತು. ಅಜ್ಜ ಕೂರುತ್ತಿದ್ದುದು, ಬಂದವರಿಗೆ ನಾಲ್ಕು ಮಾತು ಹೇಳುತ್ತಿದ್ದುದು ಅದರ ನೆರಳಲ್ಲೇ. ಹೋದ ಬೇಸಿಗೆಯ ಕಾವಿಗೆ ಅದು ನಿಂತಲ್ಲೇ ಒಣಗಿತು. ಅದರ ಬೀಜದ್ದೇ ಒಂದು ಸಸಿ ಪಕ್ಕದಲ್ಲಿ ಮೊಳಕಾಲುದ್ದ ಎದ್ದಿತ್ತು.

"ಇದನ್ನ ಉಳಿಸು," ಎಂದರು ಅಜ್ಜ. ಅಷ್ಟೇ.

ಹುಲಿಗೆಪ್ಪನ ನಿದ್ದೆ ಕೆಡಲು ಅಷ್ಟು ಸಾಕಾಯಿತು. ಅಜ್ಜನಿಗೆ ವಯಸ್ಸಾಗಿತ್ತು. ಈ ಸಸಿ ಹೋದರೆ ಇನ್ನೊಂದು ನೆಟ್ಟು ಬೆಳೆಸುವಷ್ಟು ಕಾಲ ಗುರುವಿಗೂ ಇಲ್ಲ, ಊರಿನ ನೀರಿಗೂ ಇಲ್ಲ ಅನ್ನುವ ಭಯ ಅವನಿಗೆ.

"ಈ ಸಲ ಮಳಿ ಬರತೈತೇನ್ರಿ ಅಜ್ಜಾರ?" ಎಂದು ದಿನಾ ಕೇಳುತ್ತಿದ್ದ.

"ನನ್ನ ಕೇಳಿ ಬರೂದಿಲ್ಲಪ್ಪ ಅದು," ಎನ್ನುತ್ತಿದ್ದರು ಅಜ್ಜ.

ಬೆಳಗಾದರೆ ಅವನು ಹೊಳೆಯ ಮರಳಿಗಿಳಿದು ಒರತೆ ತೋಡುತ್ತಿದ್ದ. ಮೊಣಕೈ ಆಳ ಬಗೆದು ಕಾದು ಕೂತರೆ, ಮರಳಿನ ಸಂದಿಯಿಂದ ನೀರು ಇಷ್ಟಿಷ್ಟೇ ಒಸರಿ ಬರುತ್ತಿತ್ತು. ಚಿಪ್ಪಿನಲ್ಲಿ ಮೊಗೆದು ಕೊಡ ತುಂಬುವಷ್ಟರಲ್ಲಿ ಹೊತ್ತು ಏರಿರುತ್ತಿತ್ತು. ಕುಡಿಯಲು ಒಂದಿಷ್ಟು, ಅಡುಗೆಗೆ ಒಂದಿಷ್ಟು, ಉಳಿದದ್ದು ಸಸಿಯ ಬುಡಕ್ಕೆ.

ಬುಡಕ್ಕೆ ಸುರಿದದ್ದು ಮಧ್ಯಾಹ್ನದೊಳಗೆ ಮಾಯ. ನೆಲ ಮತ್ತೆ ಬಾಯಿ ಬಿಡುತ್ತಿತ್ತು.

"ಎಷ್ಟ ಹಾಕಿದ್ರೂ ಸಾಲವಲ್ದು ಅಜ್ಜಾರ."

"ಸಸಿ ಕುಡೀತೋ, ಬಿಸಿಲು ಕುಡೀತೋ?"

ಹುಲಿಗೆಪ್ಪ ನೆಲದ ಬಿರುಕಿನೊಳಗೆ ಬೆರಳಿಟ್ಟು ನೋಡಿದ.

ಅಜ್ಜ ಒಳಗಿನಿಂದ ಒಂದು ಹೊಸ ಮಣ್ಣಿನ ಗಡಿಗೆ ತಂದರು. ಸಸಿಯ ಮಗ್ಗುಲಲ್ಲಿ ಕುಣಿ ತೋಡಿಸಿ ಕಂಠದ ತನಕ ಹೂಳಿಸಿದರು. ನೀರು ತುಂಬಿಸಿ ಬಾಯಿಗೆ ಚಪ್ಪಟೆ ಕಲ್ಲು ಮುಚ್ಚಿದರು.

"ತುಂಬಸು. ಮುಚ್ಚು. ಇಣುಕಬ್ಯಾಡ."

ಮರುದಿನ ಅವರು ಆಚೆ ಊರಿನ ಭಕ್ತರ ಮನೆಗೆ ಹೊರಟರು. ಬರುವುದು ತಡ ಆಗುತ್ತದೆ ಎಂದರು.

ಇಣುಕಬೇಡ ಅಂದರೆ ಇಣುಕದೆ ಇರುವ ಜೀವವೇ ಅದು? ಗುರು ತಿರುವು ದಾಟಿದ್ದೇ ತಡ, ಕಲ್ಲು ಸರಿಸಿದ. ನೀರು ಗೇಣು ಇಳಿದಿತ್ತು. ಸುತ್ತಲಿನ ಮಣ್ಣು ಕೆದಕಿದರೆ ಒದ್ದೆ.

ಗಡಿಗೆ ಸೋರುತ್ತಿದೆ ಎಂದು ಅವನಿಗೆ ಖಾತ್ರಿಯಾಯಿತು.

ಅಂಬಿಗರ ಮನೆಯಲ್ಲಿ ಸೋರುವುದು ಅಂದರೆ ಸಾವು. ಹರಿಗೋಲು ಸೂಜಿಮೊನೆಯಷ್ಟು ಸೋರಿದರೂ ಅವನಪ್ಪ ದಡ ಬಿಡುತ್ತಿರಲಿಲ್ಲ. ಡಾಂಬರು ಕಾಯಿಸಿ, ಬಳಿದು, ಒಣಗಿಸಿ, ಕೈಯಾಡಿಸಿ ನೋಡಿದ ಮೇಲೆಯೇ ನೀರಿಗಿಳಿಸುವುದು. ಹುಲಿಗೆಪ್ಪನ ಕೈ ಕಲಿತ ವಿದ್ಯೆಯೂ ಅದೊಂದೇ. ಯಾರೋ ಕುಂಬಾರ ನಮ್ಮ ಅಜ್ಜನಿಗೆ ತೂತು ಗಡಿಗೆ ದಾಟಿಸಿದ್ದಾನೆ ಎಂದು ಬೈದುಕೊಂಡ.

ಹರಿಗೋಲಿನ ಅಡಿಯಲ್ಲಿ ಹಳೆಯ ಡಾಂಬರಿನ ಡಬ್ಬಿ ಇತ್ತು. ಗಡಿಗೆ ಕಿತ್ತು ಒಣಗಿಸಿ, ಒಳಗೂ ಹೊರಗೂ ಬಳಿದ. ಕೂದಲೆಳೆಯಷ್ಟೂ ಜಾಗ ಬಿಡಲಿಲ್ಲ. ಮತ್ತೆ ಹೂಳಿ ನೀರು ತುಂಬಿಸಿದ. ಗಡಿಗೆ ಇದೆಯಲ್ಲ ಎಂದು ಬುಡಕ್ಕೆ ಬೇರೆ ನೀರು ಸುರಿಯಲಿಲ್ಲ.

ಮರುದಿನ ನೋಡಿದ. ನೀರು ಇದ್ದಲ್ಲೇ ಇತ್ತು. ಅದರ ಮರುದಿನವೂ ಅಲ್ಲೇ. ಬಹಳ ಕಾಲದ ಮೇಲೆ ಅವನಿಗೆ ನಿದ್ದೆ ಹತ್ತಿತು.

ಆಮೇಲೆ ಸಸಿಯ ಎಲೆಗಳು ಜೋತು ಬಿದ್ದವು. ಬಿಸಿಲಿಗಿರಬೇಕು ಎಂದು ತನ್ನ ಪಂಚೆ ಹರಿದು ನೆರಳು ಕಟ್ಟಿದ. ಎಲೆಯಂಚು ಕಂದಿತು. ಓಡಿ ಹೋಗಿ ಗಡಿಗೆ ನೋಡಿದ, ತುಂಬಿತ್ತು. ಸಸಿ ನೋಡಿದ, ಸಾಯುತ್ತಿತ್ತು. ಮತ್ತೆ ಗಡಿಗೆ ನೋಡಿದ. ತುಂಬಿದ ಗಡಿಗೆಯ ಮಗ್ಗುಲಲ್ಲೇ ಇದು ಯಾಕೆ ಒಣಗುತ್ತಿದೆ ಎಂದು ಅವನಿಗೆ ತಿಳಿಯಲಿಲ್ಲ.

ಅಜ್ಜ ಬಂದದ್ದು ಆ ಸಂಜೆ. ಕೈಕಾಲು ತೊಳೆಯಲೂ ಬಿಡಲಿಲ್ಲ ಇವನು.

"ಒಂದ ಹನಿ ಹಾಳಾಗಾಕ ಬಿಟ್ಟಿಲ್ರಿ ಅಜ್ಜಾರ. ಗಡಿಗಿ ಸೋರತಿತ್ತು, ಡಾಂಬರು ಬಳದೀನಿ. ನೋಡ್ರಿ, ಹಂಗ ತುಂಬೈತಿ. ಆದ್ರ ಸಸಿ..."

ಅಜ್ಜ ಕಲ್ಲು ಸರಿಸಿ ಗಡಿಗೆಯ ಒಳಮೈ ಸವರಿದರು. ನುಣ್ಣಗಿತ್ತು. ಆಮೇಲೆ ಗಡಿಗೆಯ ಹೊರಗಿನ ಮಣ್ಣು ಒಂದು ಹಿಡಿ ತೆಗೆದು ಹುಲಿಗೆಪ್ಪನ ಅಂಗೈಯಲ್ಲಿಟ್ಟರು. ಅದು ಬೂದಿಯ ಹಾಗೆ ಬೆರಳ ಸಂದಿಯಿಂದ ಉದುರಿತು.

ಅವನಿಗೆ ಆಗ ತಿಳಿಯಿತು. ಅಂದು ತಾನು ಕೆದಕಿದಾಗ ಇದೇ ಮಣ್ಣು ಒದ್ದೆಯಿತ್ತು.

"ನಾನ ಕೊಂದೆ ಇದನ್ನ," ಎಂದ.

ಅಜ್ಜ ಉಗುರಿನಿಂದ ಸಸಿಯ ಕಾಂಡ ಕೆರೆದರು. ತೊಗಟೆಯ ಕೆಳಗೆ ಸಣ್ಣಗೆ ಹಸಿರಿತ್ತು.

"ಇನ್ನಾ ಸತ್ತಿಲ್ಲ."

ಒಳಗೆ ಹೋಗಿ ತಮ್ಮ ಹಾಸಿಗೆಯ ತಲೆದೆಸೆಯಲ್ಲಿದ್ದ ಕುಡಿಯುವ ನೀರಿನ ಗಡಿಗೆ ಎತ್ತಿ ತಂದರು. ಮಠದಲ್ಲಿ ಇನ್ನು ಉಳಿದಿದ್ದ ಮಣ್ಣಿನ ಗಡಿಗೆ ಅದೊಂದೇ. ಅದರ ಮೈತುಂಬ ಬೆವರು.

"ಅದು ನಿಮ್ದು ಅಜ್ಜಾರ. ಈ ಧಗಿಯಾಗ ನೀವು ಕಾದ ನೀರ ಕುಡೀಬೇಕಾಗತೈತಿ."

"ಕುಣಿ ತೋಡು."

ತೋಡಿದ. ಡಾಂಬರಿನ ಗಡಿಗೆ ಕಿತ್ತು ಬದಿಗಿಟ್ಟು, ಅಜ್ಜನ ಗಡಿಗೆ ಹೂಳಿ, ನೀರು ತುಂಬಿ ಕಲ್ಲು ಮುಚ್ಚಿದ.

ಬೆಳಗ್ಗೆ ಒರತೆಯ ನೀರು ಹೊತ್ತು ತಂದು ಅಜ್ಜನಿಗೆ ಒಂದು ಲೋಟ ಕೊಟ್ಟ, ತಾನೂ ಒಂದು ಬೊಗಸೆ ಕುಡಿದ. ಆಮೇಲೆ ತಡೆಯಲಾಗದೆ ಕಲ್ಲು ಸರಿಸಿದ. ನೀರು ಇಳಿದಿತ್ತು. ಎಲ್ಲ ತಿಳಿದ ಮೇಲೂ ಎಷ್ಟು ಇಳಿದಿದೆ ಎಂದು ಬೆರಳಿಟ್ಟು ಅಳೆದ. ಸಸಿಯ ತುದಿಯೆಲೆ ತಲೆ ಎತ್ತಿತ್ತೋ ಇಲ್ಲವೋ, ಹೇಳಲು ಬಾರದಂತಿತ್ತು.

"ಮತ್ತ ಇಳಿಯಾಕ ಹತ್ತೈತ್ರಿ ಅಜ್ಜಾರ," ಎಂದ. "ನನಗ ಭಾಳ ಹೆದರಿಕಿ ಆಗತೈತಿ."

ಅಜ್ಜ ಲೋಟದ ನೀರು ಕುಡಿದು ಮುಗಿಸಿದರು. ಬತ್ತಿದ ಹೊಳೆಯ ಕಡೆ ನೋಡಿದರು.

"ಹೊಳಿಯವ್ವನೂ ಹಿಂಗ ಹೆದರಿ ತನ್ನ ತಳಕ್ಕ ಡಾಂಬರು ಬಳಕೊಂಡಿದ್ರ, ಹುಲಿಗೆಪ್ಪ, ಈಗ ನೀ ಏನ ಕುಡೀತಿದ್ದಿ?"