ಅಂಗಳದಲ್ಲಿ ಬಿಡಿಸಿದ ಲೋಕ

ಹೊಳೆದಂಡೆಯ ಆಶ್ರಮದಲ್ಲಿ ದಾನವ್ವ ಎಂಬ ಗುರುತಾಯಿ ಇದ್ದಳು. ಹಾಲು ತಂದರೆ ಬೆರಳದ್ದಿ ನೋಡುವಳು. ಹೊಗಳಿದರೆ ಹೊಗಳಿದವನ ಮುಖ ನೋಡುವಳು.

ಅವಳ ಶಿಷ್ಯ ತಿಪ್ಪಣ್ಣ ಅನುಮಾನದಲ್ಲಿ ಗುರುವಿಗೆ ತಕ್ಕವನೇ. ಆದರೆ ಅವನ ಅನುಮಾನವೆಲ್ಲ ಬೇರೆಯವರ ಮೇಲೆ.

ಸುತ್ತಲಿನ ಊರುಗಳಿಗೆಲ್ಲ ಕೈಗುಣವಿದ್ದ ಸೂಲಗಿತ್ತಿ ಒಬ್ಬಳೇ, ಹುಲಿಗೆವ್ವ. ಆಶ್ರಮದ ಕಾಳಿನಲ್ಲಿ ಅವಳ ಜೀವನ. ಹೊಳೆಯ ನಡುವೆ ನಡುಗಡ್ಡಿ ಎಂಬ ಊರಿನಲ್ಲಿ ಅವಳ ವಾಸ.

ಒಂದು ದಿನ ದಾನವ್ವ ಶಿಷ್ಯನನ್ನು ಕರೆದಳು.

"ತಮ್ಮಾ, ಊರೂರು ತಿರುಗಿ ಬಾ. ಎಲ್ಲಿ ಕೂಸುಗಳು ಹೆಚ್ಚು ಸಾಯ್ತಾವೋ ಹುಲಿಗೆವ್ವ ಅಲ್ಲಿರಲಿ."

ತಿಪ್ಪಣ್ಣ ಬೇಸಿಗೆಯೆಲ್ಲ ತಿರುಗಿದ. ಬಂದವನೇ ಅಂಗಳ ಸಾರಿಸಿ, ಬಣ್ಣಬಣ್ಣದ ರಂಗೋಲಿ ಪುಡಿ ಹಿಡಿದು ಕೂತ.

ಊರಿಗೊಂದು ವೃತ್ತ. ಜನ ಹೆಚ್ಚಿದ್ದರೆ ವೃತ್ತ ದೊಡ್ಡದು. ಕಣಜ ತುಂಬಿದ ಊರು ಬಲಕ್ಕೆ, ಬರಿಗೈ ಊರು ಎಡಕ್ಕೆ. ಕೂಸುಗಳು ಉಳಿಯುವ ಊರು ಮೇಲೆ, ಹೊಸ್ತಿಲ ಕಡೆ. ಸಾಯುವ ಊರು ಕೆಳಗೆ, ಬೇಲಿ ಕಡೆ. ಪ್ರತಿ ವೃತ್ತದ ಹಿಂದೆ ಅದೇ ಊರಿನ ಹಳೆಯ ವೃತ್ತಗಳು: ಅಪ್ಪನ ಕಾಲದ್ದು, ಅಜ್ಜನ ಕಾಲದ್ದು, ಹಿಂದೆ ಹಿಂದೆ ಹೋದಷ್ಟೂ ಮಸುಕು.

ಮರ ಹತ್ತಿ ನೋಡಿದರೆ ಊರುಗಳೆಲ್ಲ ಬೆಳ್ಳಕ್ಕಿಯ ಹಿಂಡಿನಂತೆ ಹೊಸ್ತಿಲ ಕಡೆಗೆ ಹಾರುತ್ತಿದ್ದವು.

"ಅವ್ವಾರ, ನೋಡ್ರಿ. ಲೋಕ ಸುಧಾರಿಸಾಕತ್ತೈತಿ."

"ಹೌದೇನು? ನನಗ ಯಾರೂ ಹೇಳಲೇ ಇಲ್ಲ ನೋಡು."

ದಾನವ್ವ ಅಂಗಳವನ್ನು ಒಂದು ಸುತ್ತು ಬಂದಳು. ಎಡಮೂಲೆಯಲ್ಲಿ, ಹೊಸ್ತಿಲಿಗೆ ತಾಗುವಷ್ಟು ಮೇಲೆ, ಒಂದು ಸಣ್ಣ ಹಳದಿ ವೃತ್ತವಿತ್ತು.

"ಇದು ಯಾವೂರು?"

"ನಡುಗಡ್ಡಿರಿ. ಬಡವರು. ಆದ್ರ ಅಲ್ಲಿ ಒಂದು ಕೂಸೂ ಸಾಯಂಗಿಲ್ಲ."

"ಬೇಲಿ ಹತ್ರ ಬಿದ್ದಿರೋದು?"

"ಹೊನ್ನಗುಡಿ. ಕಣಜ ತುಂಬೈತಿ, ತೊಟ್ಟಿಲು ಬರಿದಾಗ್ತಾವ. ಹುಲಿಗೆವ್ವ ಅಲ್ಲಿಗೆ ಹೋಗಬೇಕ್ರಿ."

"ನಡುಗಡ್ಡಿಯವರ ಮಾತು ನಂಬಿದಿ?"

ಈ ಪ್ರಶ್ನೆಗೇ ಅವನು ಕಾದಿದ್ದ. "ನಾ ಯಾರನ್ನ ನಂಬತೀನ್ರಿ? ಸುಳ್ಳು ಹೇಳೋರಾಗಿದ್ರ, 'ಕೂಸು ಸಾಯ್ತಾವ, ಸೂಲಗಿತ್ತಿನ್ನ ಒಯ್ಯಬ್ಯಾಡ್ರಿ' ಅಂತ ಅಳತಿದ್ರು. ಇವರು ತಮಗ ನಷ್ಟ ಆಗೋ ಮಾತು ಹೇಳ್ಯಾರ. ಅದಕ್ಕ ನಂಬೀನಿ."

"ಹುಲಿಗೆವ್ವನ್ನ ಕೇಳಿದಿ?"

"ತನ್ನ ಅನ್ನಕ್ಕ ತಾನ ಸಾಕ್ಷಿ ಹೇಳೋಳನ್ನ ಏನ್ ಕೇಳೋದ್ರಿ?"

"ನಿಮ್ಮೂರು ಎಲ್ಲೈತಿ?"

ತಿಪ್ಪಣ್ಣ ಮೇಲಿನ ಸಾಲಿನ ಒಂದು ದೊಡ್ಡ ಕೆಂಪು ವೃತ್ತ ತೋರಿಸಿದ. "ಇದನ್ನ ಕೇಳೋದೇನೈತ್ರಿ, ನನಗ ಗೊತ್ತಿದ್ದದ್ದ. ನಮ್ಮವ್ವಗ ನಾ ಒಬ್ಬನ ಮಗ. ಉಳದು ನಿಮ್ಮ ಮುಂದ ನಿಂತೀನಲ್ಲ."

ದಾನವ್ವ ಬಗ್ಗಿ ಒಂದು ಚಿಟಿಕೆ ಪುಡಿ ಎತ್ತಿ ಮೂಸಿದಳು.

"ಭಾಳ ಚೆಂದ ಬಂದೈತಿ," ಎಂದಳು.

ಅವಳ ಬಾಯಲ್ಲಿ ಅದು ಹೊಗಳಿಕೆಯಲ್ಲ ಎಂದು ಅವನಿಗೆ ಗೊತ್ತಿತ್ತು. ರಾತ್ರಿ ಊಟ ಸೇರಲಿಲ್ಲ. ನಡುಗಡ್ಡಿಯವರು ಅವ್ವಾರಿಗೆ ಬಾಳೆಗೊನೆ ಕಳಿಸುತ್ತಾರೆ, ಹಾಗಾಗಿ ಅವರ ಮೇಲೆ ಮಮತೆ ಎಂದುಕೊಂಡ. ಶಿಷ್ಯನ ಕೆಲಸ ನೋಡಿ ಗುರುವಿಗೂ ಹೊಟ್ಟೆಯುರಿ ಆಗಬಾರದೆಂದೇನಿಲ್ಲ ಎಂದುಕೊಂಡ.

ಬೆಳಗ್ಗೆ ದಾನವ್ವ ಹೇಳಿದಳು: "ಹರಿಗೋಲು ತರಸು. ಹುಲಿಗೆವ್ವನ್ನ ನಾವ ಹೋಗಿ ಕರಕೊಂಡು ಬರೋಣು."

ಸುದ್ದಿ ಹರಿಗೋಲಿಗಿಂತ ಮೊದಲೇ ಹೊಳೆ ದಾಟಿತ್ತು. ಹುಲಿಗೆವ್ವ ಗಂಟು ಕಟ್ಟಿಕೊಂಡು ಕಟ್ಟೆಯ ಮೇಲೆ ಕೂತಿದ್ದಳು.

"ನನ್ನ ಒಂದು ಮಾತು ಕೇಳಲಿಲ್ಲಲ್ಲೋ ತಮ್ಮಾ," ಎಂದಳು.

"ಕೇಳಿದ್ರ ಖರೇ ಹೇಳತಿದ್ದಿ?" ಎಂದ ತಿಪ್ಪಣ್ಣ.

"ಹೇಳತಿದ್ದೆ. ನೀ ನಂಬತಿದ್ದಿ?"

ಪಕ್ಕದ ಮನೆಯ ಬಾಗಿಲಲ್ಲಿ ಕೆಂಚವ್ವ ಎಂಬ ತುಂಬು ಬಸುರಿ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಕೈ ಅಕ್ಕಿಯಲ್ಲಿ, ಕಣ್ಣು ಸೂಲಗಿತ್ತಿಯ ಗಂಟಿನಲ್ಲಿ. ಒಬ್ಬ ಪುಟ್ಟ ಹುಡುಗಿ ಅವಳ ಬೆನ್ನಿಗೆ ಜೋತುಬಿದ್ದಿದ್ದಳು.

"ಕೆಳಗ ಇಳಿ ತಿಪ್ಪವ್ವಾ, ಬೆನ್ನು ಮುರೀತೈತಿ."

ತನ್ನದೇ ಹೆಸರು ಕೇಳಿ ತಿಪ್ಪಣ್ಣನಿಗೆ ನಗು ಬಂತು.

"ಆವತ್ತು ಕೇಳಿದಂಗ ಈಗೂ ಕೇಳು," ಎಂದಳು ದಾನವ್ವ.

"ಯಕ್ಕಾ, ನಿನಗ ಮಕ್ಕಳೆಷ್ಟು?"

"ಈಕಿ ಒಬ್ಬಾಕಿರಿ."

"ಸತ್ತ ಮಕ್ಕಳು?"

"ಇಲ್ರಿ."

ತಿಪ್ಪಣ್ಣ ಗುರುವಿನ ಕಡೆ ತಿರುಗಿದ. ಆಯಿತಲ್ಲ ಎಂಬಂತೆ.

ದಾನವ್ವ ನೆಲದ ಮೇಲೆ ಕೂತಳು. ಕೆಂಚವ್ವನ ಮೊರವನ್ನು ತನ್ನ ತೊಡೆಗೆ ಎಳೆದುಕೊಂಡು ತಾನೂ ಕಲ್ಲು ಆರಿಸತೊಡಗಿದಳು. ಅರ್ಧ ಮೊರ ಮುಗಿದ ಮೇಲೆ, ತಲೆ ಎತ್ತದೆ ಕೇಳಿದಳು.

"ಎದಿಯಾಗ ಹಾಲು ಎಷ್ಟು ಸಲ ಬಂತವ್ವಾ?"

ಕೆಂಚವ್ವನ ಕೈ ನಿಂತಿತು.

"ಒಂದು ಸಲ ಅಲ್ರಿ."

"ಕುಡದವರು?"

"ಈಕಿ ಒಬ್ಬಾಕಿ ಕುಡದ್ಲು. ಈಕಿಗಿಂತ ಮೊದಲಿನವು ತೊಟ್ಟಿಲ ತನಕ ಬರಲಿಲ್ಲ."

ತಿಪ್ಪಣ್ಣನಿಗೆ ಸಿಟ್ಟು ಬಂತು. "ನಾ ಕೇಳಿದಾಗ ಯಾಕ ಮುಚ್ಚಿಟ್ಟಿ?"

"ಏನು ಮುಚ್ಚಿಟ್ಟೆ? ನೀವು ಮಕ್ಕಳೆಷ್ಟು ಅಂದ್ರಿ. ತೊಟ್ಟಿಲಿಗೆ ಹಾಕಿ ಹೆಸರಿಟ್ಟ ಮ್ಯಾಲ ನಾವು ಮಗು ಅಂತೀವಿ. ಅದಕ್ಕೂ ಮೊದಲ ಹೋದದ್ದನ್ನ ಬಾಯಿಗೆ ತರಂಗಿಲ್ಲ. ತಂದ್ರ ದಾರಿ ಗುರುತು ಹಿಡದು ಬಂದು ಇನ್ನೊಂದನ್ನ ಕರಕೊಂಡು ಹೋಗ್ತಾವಂತ."

ಹೇಳಿದ್ದು ತಪ್ಪಾಯಿತೇನೋ ಎಂಬಂತೆ ಅವಳು ಹೊಟ್ಟೆಯ ಮೇಲೆ ಸೆರಗು ಎಳೆದುಕೊಂಡಳು.

"ಊರಾಗ ಎಲ್ಲರ ಮನ್ಯಾಗೂ ಹಿಂಗೇನು?" ದಾನವ್ವ ಕೇಳಿದಳು.

"ಹೆಸರು ಕರದು ನೋಡ್ರಿ, ತಿಳೀತೈತಿ. ಈಕಿ ಹುಟ್ಟಿದ ದಿನ ತಿಪ್ಪಿ ಮ್ಯಾಲ ಉರುಳಿಸಿ ಎತಗೊಂಡ್ವಿ. ಸಾವಿಗೂ ಹೇಸಿಗಿ ಬರಲಿ, ಮುಟ್ಟದಿರಲಿ ಅಂತ ತಿಪ್ಪವ್ವ ಅಂದ್ವಿ. ಮೊದಲಿನವು ಹೋದ ಮನ್ಯಾಗ ಹುಟ್ಟಿದ್ದಕ್ಕ ಚೆಂದದ ಹೆಸರು ಯಾರಿಡ್ತಾರ್ರಿ?"

ತಿಪ್ಪಣ್ಣ ಆ ಹುಡುಗಿಯನ್ನು ನೋಡಿದ. ಆಮೇಲೆ ಹೊಳೆಯ ಕಡೆ ಮುಖ ಮಾಡಿ ನಿಂತ.

ದಾನವ್ವ ಎದ್ದು ಹುಲಿಗೆವ್ವನ ಗಂಟು ಎತ್ತಿಕೊಂಡಳು. ಕೆಂಚವ್ವನ ಮನೆಯೊಳಗೆ ಒಯ್ದು ಗೂಟಕ್ಕೆ ನೇತುಹಾಕಿ ಬಂದಳು.

ಹರಿಗೋಲು ನಡುಹೊಳೆಗೆ ಬಂದಾಗ ತಿಪ್ಪಣ್ಣ ಕೇಳಿದ.

"ಹಂಗಾರ ಹೊನ್ನಗುಡ್ಯಾಗ ಅಷ್ಟು ಸಾವು ಹೆಂಗ ಕಂಡುವ್ರಿ?"

"ಅವರು ಕೂಸು ನೆಲಕ್ಕ ಬಿದ್ದ ಗಳಿಗಿಗೆ ಜೋಯಿಸರನ್ನ ಕರೀತಾರ. ಜಾತಕ ಬರದ ಮ್ಯಾಲ ಸತ್ರೂ ಅದು ಮಗುವ."

"ಅಲ್ಲೂ ಸಾಯೋದು ಖರೇನ ಅಲ್ರಿ?"

"ಖರೇನ. ಕಣಜ ತುಂಬೈತಿ ಅಂತ ನೀನ ಬರದೀಯಲ್ಲ, ಉಂಡು ಗಟ್ಟಿಯಾಗಿರೋ ಒಬ್ಬ ಹೆಣ್ಣುಮಗಳನ್ನ ಕಳಸಲಿ. ಹುಲಿಗೆವ್ವ ಕೆಲಸ ಕಲಸ್ತಾಳ."

ಆಶ್ರಮದ ಅಂಗಳದಲ್ಲಿ ಬೆಳ್ಳಕ್ಕಿಗಳು ಇನ್ನೂ ಮೇಲಕ್ಕೆ ಹಾರುತ್ತಲೇ ಇದ್ದವು. ತಿಪ್ಪಣ್ಣ ಮೂಲೆಯಲ್ಲಿದ್ದ ಕಸಬರಿಗೆ ಎತ್ತಿಕೊಂಡ.

ದಾನವ್ವ ಅದನ್ನು ಕಸಿದುಕೊಂಡಳು. "ಚಿತ್ರ ಏನು ಮಾಡೈತಿ? ನೀ ಕೇಳಿದ್ದನ್ನ ಅದು ತೋರಿಸ್ತು."

ಅವನು ಹಳದಿ ವೃತ್ತವನ್ನಷ್ಟೇ ಅಂಗೈಯಿಂದ ಒರೆಸಿದ. ಪುಡಿ ಮುಷ್ಟಿಯಲ್ಲಿ ಹಿಡಿದು ಬೇಲಿಯ ತನಕ ಹೋದ, ಅರ್ಧ ದಾರಿಗೆ ಹಿಂದೆ ಬಂದ. ಎಲ್ಲಿ ಇಡಬೇಕೆಂದು ತಿಳಿಯಲಿಲ್ಲ. ಉಳಿದ ವೃತ್ತಗಳನ್ನು ಒಂದೊಂದಾಗಿ ನೋಡಿದ. ಯಾವುದರ ಮೇಲೂ ಕಣ್ಣು ನಿಲ್ಲಲಿಲ್ಲ.

"ಅವ್ವಾರ, ಎಲ್ಲಾ ಊರಿಗೂ ಮತ್ತೊಮ್ಮೆ ಹೋಗಬೇಕ್ರಿ."

"ಹೋಗು."

"ಎಲ್ಲಿಂದ ಶುರು ಮಾಡಲ್ರಿ?"

ದಾನವ್ವ ದೊಡ್ಡ ಕೆಂಪು ವೃತ್ತದ ಪಕ್ಕದಲ್ಲಿ ನಿಂತಿದ್ದಳು.

"ನಿಮ್ಮವ್ವನಿಂದ ಶುರು ಮಾಡು, ತಿಪ್ಪಣ್ಣ."